ತತ್ತಿಗಳ ನಡುವೆ ಕುಳಿತ ಕಾವಲುಗಾರ

ಬಿಸಿಲು ಏರಿತೆಂದರೆ ಜತ್ತ ತಾಲ್ಲೂಕಿನ ಕೆರೆಗಳು ಬತ್ತತೊಡಗುತ್ತವೆ. ತಿಕೋಂಡಿ ಕಡೆಯ ಒಂದು ಊರಿನ ಕೆರೆಯೂ ಹಾಗೆಯೇ. ನೀರು ಇಳಿದಂತೆ ನಡುವಿನ ದಿಬ್ಬ ಮೇಲೇಳುತ್ತದೆ. ಸುತ್ತ ನೀರು, ನಡುವೆ ಕಲ್ಲುಮಣ್ಣಿನ ನಡುಗಡ್ಡೆ. ನಮಗೆ ಅದು ಯಾವ ಕೆಲಸಕ್ಕೂ ಬಾರದ ಜಾಗ. ಹಳದಿ ಕೊಕ್ಕು, ಕರಿ ತಲೆಯ ಬಿಳಿ ಹಕ್ಕಿಗಳಿಗೆ ಅದೇ ಬಾಣಂತಿಕೋಣೆ. ಅವು ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ ಕಲ್ಲಿನ ಬಣ್ಣದ ತತ್ತಿ ಇಡುತ್ತವೆ.

ನೀರು ಇನ್ನೂ ಇಳಿದರೆ ಒಂದು ಬದಿಗೆ ಮೊಣಕಾಲುದ್ದ ನೀರಿನ ದಾರಿಯಾಗುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಆ ದಾರಿಯಲ್ಲಿ ನಾಯಿಗಳು ಹಾಯುತ್ತವೆ, ಕುರಿಗಳೂ ಹಾಯುತ್ತವೆ. ಹೋದ ವರ್ಷ ಹಾಯ್ದವು ಅದೇ ಊರಿನ ಸಂಗವ್ವನ ಗಂಡ ಅಮೋಗಸಿದ್ದನ ಕುರಿಗಳು. ಗೊರಸಿಗೆ ಅಂಟಿದ ಹಳದಿ ನೋಡಿದಾಗಲೇ ಅವನಿಗೆ ತತ್ತಿ ತುಳಿದದ್ದು ತಿಳಿಯಿತು. ಅವತ್ತು ಅವನು ಉಣ್ಣಲಿಲ್ಲ.

ಈ ವರ್ಷ ಹೆಂಗಸರ ಉಳಿತಾಯದ ಗುಂಪಾದ ಬಚತ ಗಟದ ಸಭೆಯಲ್ಲಿ ಅಂಗನವಾಡಿಯ ಸುನಿತಾ ಹಕ್ಕಿ ಕಾಯಲು ಜನ ಬೇಕು ಎಂದಳು. ಹಕ್ಕಿ ಉಳಿಸುವವರ ತರಬೇತಿಗೆ ಹೋಗಿ ಬಂದಿದ್ದಳು ಆಕೆ. ಸಂಗವ್ವ ಮನೆಗೆ ಬಂದು ಹೇಳಿದ್ದೇ ತಡ, ಎಲ್ಲರಿಗಿಂತ ಮೊದಲು ಹೆಸರು ಕಳಿಸಿದವನು ಅಮೋಗಸಿದ್ದ. ಸಂಗವ್ವನಿಗೆ ನಗು ತಡೆಯಲಾಗಲಿಲ್ಲ.

"ಕುರಿ ಬಿಟ್ಟು ಹಕ್ಕಿ ಕಾಯಾಕ ಹೊಂಟ್ರೇನು? ನಾಳಿ ಇರುವಿ ಕಾಯಾಕ ಹೋಗ್ರಿ!"

"ತಪ್ಪು ನಂದ ಐತಿ. ನಾನ ಕಾಯ್ತೀನಿ."

"ಸುನಿತಾ ಹೆಂಗ ಕಾಯಬೇಕಂತ ಹೇಳಿಕೊಡ್ತಾಳಂತ, ಐತವಾರ."

"ನಲವತ್ತು ವರ್ಷ ಕುರಿ ಕಾದವಗ ಕಾವಲು ಕಲಸ್ತಾಳೇನು ಆಕಿ?"

ಭಾನುವಾರದವರೆಗೆ ತಾಳಿದರೆ ಅವನು ಅಮೋಗಸಿದ್ದನೇ ಅಲ್ಲ. ಶನಿವಾರ ಹಟ್ಟಿಯ ಕೆಲಸ ಮುಗಿಸಿ, ಬಿಸಿಲೇರಿದ ಮೇಲೆ ಹೊರಟೇಬಿಟ್ಟ. ಬುತ್ತಿ ಮರೆತ. ಸಂಗವ್ವ ಬೈದುಕೊಳ್ಳುತ್ತ ರೊಟ್ಟಿ ಕಟ್ಟಿಕೊಂಡು ಹಿಂದೆ ಹೋದಳು.

ಕೆರೆಯ ದಂಡೆಗೆ ಬಂದಾಗ ಕಿವಿ ತೂತಾಗುವ ಹಾಗೆ ಹಕ್ಕಿಗಳು ಕಿರುಚುತ್ತಿದ್ದವು. ನಡುಗಡ್ಡೆಯ ನಟ್ಟನಡುವೆ ಕರಿ ಕಂಬಳಿ ಹಾಸಿ, ಬಡಿಗೆ ಹಿಡಿದು ಅವಳ ಗಂಡ ಕುಳಿತಿದ್ದ. ಕುರಿಹಿಂಡಿನ ಕಾವಲು ಹಾಗೆಯೇ ಅಲ್ಲವೇ, ಹಿಂಡಿನ ನಡುವೆಯೇ ಇರಬೇಕು. ಈಚೆ ದಂಡೆಯ ಮೇಲೆ ಮೂರು ಬೀದಿನಾಯಿಗಳು ನಾಲಗೆ ಇಳಿಬಿಟ್ಟು ಹೊಂಚುಹಾಕಿದ್ದವು.

"ನೋಡ್ದಿ ಏನ? ಒಂದ ನಾಯಿನೂ ಹಾಯ್ದಿಲ್ಲ!" ಎಂದು ಅವನು ಕೂಗಿದ.

ಅಷ್ಟರಲ್ಲಿ ಹಕ್ಕಿಗಳ ಕಿರುಚಾಟ ಕೇಳಿ ಸುನಿತಾ ಏದುಸಿರು ಬಿಡುತ್ತ ಓಡಿ ಬಂದಳು.

"ಕಾಕಾ, ಎದ್ದ ಬರ್ರಿ! ಲಗೂನ ಬರ್ರಿ!"

"ನಾ ಎದ್ದರ ನಾಯಿ ಬರ್ತಾವವಾ!"

"ನೀವು ಕುಂತರ ತತ್ತಿ ಬೇಯ್ತಾವ ಕಾಕಾ!"

ಸಂಗವ್ವ ನಂಬಲಿಲ್ಲ. "ತತ್ತಿಗಿ ಕಾವು ಬೇಕಲ್ಲವಾ ಸುನಿತಾ? ಬಿಸಲಿದ್ರ ಚಲೋನ ಆತಲ್ಲ?"

"ಕಾಕು, ಆ ಕಲ್ಲಿನ ಮ್ಯಾಲ ಕೈ ಇಟ್ಟು ನೋಡ್ರಿ."

ಸಂಗವ್ವ ಇಟ್ಟಳು. ಕೈ ಚುರ್ ಎಂದಿತು, ಹಿಂದೆ ಎಳೆದುಕೊಂಡಳು.

"ತತ್ತಿ ಇರೂದು ಅಂಥಾ ಕಲ್ಲಿನ ಮ್ಯಾಲ. ಈ ಬಿಸಲಾಗ ಹಕ್ಕಿ ಕುಂದ್ರೂದು ನೆಳ್ಳ ಮಾಡಾಕ. ನೀರಾಗ ಹೊಟ್ಟಿ ತೋಯಿಸಿಕೊಂಡು ಬಂದು ತಂಪ ಮಾಡ್ತಾವ. ಕಾಕಾ ನಡುವ ಕುಂತಾರಂತ ಒಂದೂ ಇಳಿಯವಲ್ದು. ಎಷ್ಟೊತ್ತಾತು?"

"ಅರ್ಧ ತಾಸು ಆತವಾ," ಎಂದಳು ಸಂಗವ್ವ. ಹೋದ ವರ್ಷ ಉಪವಾಸ ಕುಳಿತ ಗಂಡನ ಮುಖ ಕಣ್ಣ ಮುಂದೆ ಬಂತು. ಈ ಸಲವೂ ಅವನ ಕೈಯಿಂದಲೇ ತತ್ತಿಗಳು ಹೋದರೆ? ಸೀರೆ ಕಚ್ಚೆ ಹಾಕಿ ನೀರಿಗಿಳಿದು ದಾರಿಗೆ ಅಡ್ಡ ನಿಂತಳು.

"ನಾಯಿ ನಾ ನೋಡ್ಕೋತೀನಿ. ನೀವು ಬರ್ರಿ!"

ಅವನು ಗಡಬಡಿಸಿ ಎದ್ದ. "ಓಡಬ್ಯಾಡ್ರಿ ಕಾಕಾ! ಹೆಜ್ಜಿ ನೋಡಿ ಇಡ್ರಿ!" ಎಂದು ಸುನಿತಾ ಕೂಗಿದಳು. ಕಲ್ಲು ಯಾವುದು, ತತ್ತಿ ಯಾವುದು ತಿಳಿಯದೆ ಅವನು ಎತ್ತಿದ ಕಾಲು ಎತ್ತಿಯೇ ನಿಂತ. ಮಾಡಗ್ಯಾಳದ ಬಯಲು ಮಾಳವೆಲ್ಲ ತುಳಿದ ಮನುಷ್ಯನಿಗೆ ಒಂದು ಹೆಜ್ಜೆ ಇಡುವ ಜಾಗ ಕಾಣಲಿಲ್ಲ.

ನಾಯಿಗಳಿಗೆ ಅಷ್ಟೇ ಸಾಕಾಯಿತು. ಕೆಂಚು ನಾಯಿ ನೀರಿಗೆ ಬಿತ್ತು, ಉಳಿದೆರಡೂ ಬೆನ್ನು ಹತ್ತಿದವು. "ಹಚಾ! ಹಚಾ!" ಎಂದು ಸಂಗವ್ವ ನೀರು ಬಡಿದಳು. ಕೆಂಚು ನಾಯಿ ಬಳಸಿಕೊಂಡು ಆಳದ ಕಡೆಯಿಂದ ಈಜತೊಡಗಿತು. ಈಜು ಬಾರದ ಸಂಗವ್ವ ಸೊಂಟದುದ್ದ ನೀರಿಗೆ ಹೋದಳು. ಕೈಯಲ್ಲಿದ್ದದ್ದು ಬುತ್ತಿ ಒಂದೇ. ರೊಟ್ಟಿಯನ್ನು ನಾಯಿಯ ಮೂಗಿನ ಮುಂದೆ ಹಿಡಿದು ತೋರಿಸಿ, ಗಂಟು ಸಮೇತ ದಂಡೆಗೆ ಬೀಸಿ ಒಗೆದಳು. ನಾಯಿಗಳು ತಿರುಗಿದವು. ಜನ್ಮದಲ್ಲಿ ಮೊದಲ ಸಲ ಗಂಡನ ಬುತ್ತಿ ನಾಯಿಪಾಲಾಗಿದ್ದಕ್ಕೆ ಅವಳಿಗೆ ಸಂತೋಷವಾಯಿತು.

ಅಮೋಗಸಿದ್ದ ಒಂದೊಂದೇ ಹೆಜ್ಜೆ ನೋಡಿ ಇಡುತ್ತ ದಾಟಿ ಬಂದು, ಬಡಿಗೆ ಬೀಸಿ ನಾಯಿಗಳನ್ನು ಅಟ್ಟಿದ. ಮೂವರೂ ದೂರದ ಜಾಲಿ ಗಿಡದ ಕೆಳಗೆ ಕುಳಿತರು. ಒಂದು ಹಕ್ಕಿ ಇಳಿಯಿತು. ಮತ್ತೊಂದು. ಇನ್ನೊಂದು ನೀರಿಗೆ ಹೊಟ್ಟೆ ತಾಗಿಸಿ ಹೋಗಿ ಕುಳಿತಿತು. ಕೂಗಾಟ ಅಡಗಿತು. ಆದರೆ ಒಂದು ಹಕ್ಕಿ ಮಾತ್ರ ಇಳಿಯುತ್ತಿತ್ತು, ಬೆದರಿ ಏಳುತ್ತಿತ್ತು. ಅದರ ತತ್ತಿಯ ಪಕ್ಕದಲ್ಲೇ ಅಮೋಗಸಿದ್ದ ಕಂಬಳಿ ಬಿಟ್ಟು ಬಂದಿದ್ದ.

"ಹೋಗಿ ತರ್ತೀನಿ," ಎಂದು ಅವನು ಎದ್ದ.

ಸಂಗವ್ವ ಅವನ ಕೈ ಹಿಡಿದಳು. "ಬ್ಯಾಡ್ರಿ. ನೀವು ಹೋದ್ರ ಎಲ್ಲಾವೂ ಮತ್ತ ಏಳ್ತಾವ."

ಸುನಿತಾ ಹೌದೆಂದು ತಲೆಯಾಡಿಸಿದಳು. ಅವನು ಕುಳಿತ. ಬಿಸಿಲು ಇಳಿಯುವವರೆಗೆ ಆ ಹಕ್ಕಿ ಏಳುತ್ತ ಇಳಿಯುತ್ತ ಇದ್ದುದನ್ನು ಮೂವರೂ ನೋಡಿದರು. ಸಂಜೆ ತಂಪಾದ ಮೇಲೆ ಸುನಿತಾ ಒಬ್ಬಳೇ ಹೋಗಿ ಕಂಬಳಿ ತಂದಳು.

ಮುಂದಿನ ವಾರಗಳಲ್ಲಿ ನಡುಗಡ್ಡೆಯ ತುಂಬ ಮರಿಗಳು ಓಡಾಡಿದವು. ಕಂಬಳಿ ಬಿದ್ದಿದ್ದ ಆ ಒಂದು ಜಾಗದ ತತ್ತಿಗಳು ಮರಿಯಾಗಲಿಲ್ಲ. ಈಗ ಬೆಳಗಿನ ಪಾಳಿ ಸಂಗವ್ವನದು, ಸಂಜೆಯದು ಅಮೋಗಸಿದ್ದನದು. ಇಬ್ಬರೂ ನಿಲ್ಲುವುದು ಈಚೆ ದಂಡೆಯ ಮೇಲೆ, ನಾಯಿ ಹಾಯುವ ಕಡೆ.

ಅಕ್ಕಗಳಿರಾ, ಅಣ್ಣಗಳಿರಾ, ಈ ಹಕ್ಕಿಯ ಹೆಸರು ನದಿ ರೀವ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ನಿಮ್ಮ ಊರ ಕೆರೆಗೂ ಅದು ಬಂದಿರಬಹುದು. ಬಂದಿದ್ದರೆ ಮಾರ್ಚ್‌ನಿಂದ ಮರಿ ಹಾರುವವರೆಗೆ ನಡುಗಡ್ಡೆಗೆ ಕಾಲಿಡಬೇಡಿ. ಕುರಿ ದನ ಬಿಡಬೇಡಿ, ಫೋಟೊ ತೆಗೆಯಲೂ ಹೋಗಬೇಡಿ. ಹಕ್ಕಿ ನಿಮ್ಮ ತಲೆಯ ಮೇಲೆ ಬಂದು ಕಿರುಚಿದರೆ, ಅದು ಹೋಗಿ ಕೂರುವವರೆಗೂ ಹಿಂದೆ ಸರಿಯಿರಿ. ಕಾಯಲು ನೀವೂ ಹೆಸರು ಕೊಡಿ. ಆದರೆ ತಿಳಿದವರನ್ನು ಕೇಳಿಕೊಂಡೇ ಹೋಗಿ. ಮನಸ್ಸು ಒಳ್ಳೆಯದಿದ್ದರೆ ಸಾಲದು. ಅಮೋಗಸಿದ್ದನ ಮನಸ್ಸೂ ಒಳ್ಳೆಯದೇ ಇತ್ತು.