ಕೊರಳಪಟ್ಟಿಯ ಹೆಸರು

ಹೊಲಿಗೆಯಕ್ಕ ಗಿರಾಕಿಗಳನ್ನು ಗುರುತಿಡುತ್ತಿದ್ದದ್ದು ಬಟ್ಟೆಯಿಂದ. ಬಾಗಿಲು ತಳ್ಳಿಕೊಂಡು ಯಾರಾದರೂ ಒಳಗೆ ಕಾಲಿಟ್ಟರೆ ಸಾಕು, ಮುಖ ನೋಡಿದ ಕೂಡಲೇ, ‘ಕಂದು ಕೋಟು ಬಂದರು, ಹೊಸ ಜಿಪ್ಪು ಹಾಕಿದ್ದು ಕೊಡಿ’ ಎಂದು ಹಿಂದಿನ ಮೇಜಿನಲ್ಲಿದ್ದ ಇಸ್ತ್ರಿಯವರಿಗೆ ಹೇಳುತ್ತಿದ್ದಳು. ಯಾವುದೋ ದೊಡ್ಡ ಹುದ್ದೆಯಲ್ಲಿದ್ದ ಒಬ್ಬರು ಎಂಟು ವರ್ಷದಿಂದ ‘ಸೊಂಟ ಬಿಡಿಸೋ ಪ್ಯಾಂಟು’ ಆಗಿಯೇ ಉಳಿದಿದ್ದರು. ಅವರ ಹೊಟ್ಟೆ ವರ್ಷಕ್ಕೊಂದು ಬೆರಳು ಮುಂದೆ ಬರುತ್ತಿತ್ತು, ಇವಳ ಹೊಲಿಗೆ ಅಷ್ಟೇ ಹಿಂದೆ ಸರಿಯುತ್ತಿತ್ತು. ಎಲ್ಲ ಅಂಗಡಿಯವರ ಹಾಗೆ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬಾರದೇ ಎಂದು ಇಸ್ತ್ರಿಯವರು ಹೇಳಿ ಹೇಳಿ ಸೋತಿದ್ದರು. ಹೆಸರು ತಗೊಂಡು ನಾನೇನು ಉಪ್ಪು ಹಾಕಿಕೊಂಡು ನೆಕ್ಕಲಾ ಎನ್ನುವುದು ಅವಳ ಉತ್ತರ.

ಇಸ್ತ್ರಿಯವರು ಅವಳಿಗಿಂತ ಐದು ವರ್ಷ ದೊಡ್ಡವರು. ಆದರೂ ಅಕ್ಕ ಎನ್ನುತ್ತಿದ್ದರು. ಬೀದಿಯೇ ಅಕ್ಕ ಎನ್ನುವಾಗ ತಾನೊಬ್ಬ ಬೇರೆ ಏನೆನ್ನಲಿ ಎಂಬುದು ಅವರ ವಾದ.

ಹೆಸರೆಂದರೆ ಅವಳಿಗೆ ತಾತ್ಸಾರ ಎಂದು ಜನ ತಿಳಿದಿದ್ದರು. ತಾತ್ಸಾರವಲ್ಲ. ಒಂದು ಹೆಸರನ್ನು ಮೂವತ್ತಮೂರು ವರ್ಷ ಹೊಟ್ಟೆಯೊಳಗಿಟ್ಟುಕೊಂಡವಳಿಗೆ ಬೇರೆ ಹೆಸರುಗಳಿಗೆ ಜಾಗವಿರಲಿಲ್ಲ, ಅಷ್ಟೇ. ಹತ್ತೊಂಬತ್ತನೇ ವಯಸ್ಸಿನಲ್ಲಿ, ಮದುವೆಗೆ ಮುಂಚೆ, ಅವಳಿಗೊಂದು ಹೆಣ್ಣು ಮಗು ಹುಟ್ಟಿತ್ತು. ಮಗುವಿನ ಅಪ್ಪನಾಗಬೇಕಾದವನು ಪತ್ತೆಯಿರಲಿಲ್ಲ. ಅವಳ ಅಪ್ಪ ಪತ್ತೆಯಿದ್ದ, ಮತ್ತು ಒಂದೇ ಮಾತಿನಲ್ಲಿ ಎಲ್ಲವನ್ನೂ ತೀರ್ಮಾನ ಮಾಡಿದ. ಒಂಬತ್ತು ದಿನ ಮಗು ಅವಳ ಮಗ್ಗುಲಲ್ಲಿತ್ತು. ಹತ್ತನೆಯ ದಿನ ಒಂದು ಕಚೇರಿಯ ಮೂಲಕ, ಮಕ್ಕಳಿಲ್ಲದ ಯಾರದೋ ಮನೆಗೆ ಹೋಯಿತು.

ಆ ಒಂಬತ್ತು ದಿನದಲ್ಲಿ ಅವಳು ಎರಡು ಕೆಲಸ ಮಾಡಿದ್ದಳು. ಮಗುವಿಗೆ ಮೂರಕ್ಷರದ ಒಂದು ಹೆಸರಿಟ್ಟಳು. ಆಗಷ್ಟೇ ಕಲಿತಿದ್ದ ಹೊಲಿಗೆಯಲ್ಲಿ ಹಳದಿ ಬಟ್ಟೆಯ ಒಂದು ಪುಟ್ಟ ಅಂಗಿ ಹೊಲಿದು, ಕೊರಳಪಟ್ಟಿಯ ಒಳಗೆ, ದರ್ಜಿಗಳು ಅಂಗಡಿಯ ಗುರುತು ಹಚ್ಚುವ ಜಾಗದಲ್ಲಿ, ಕೆಂಪು ದಾರದಿಂದ ಆ ಮೂರಕ್ಷರ ಹೆಣೆದಳು. ಕರೆದುಕೊಂಡು ಹೋಗುವವರು ತಮಗೆ ಬೇಕಾದ ಹೆಸರಿಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಇಡಲಿ. ಅಂಗಿಯಿಂದ ಅದನ್ನು ಬಿಚ್ಚದೆ ಹೋದರೆ ಸಾಕು ಎಂದುಕೊಂಡಿದ್ದಳು.

ಆಮೇಲೆ ಮದುವೆಯಾಯಿತು, ಮಕ್ಕಳಾಗಲಿಲ್ಲ, ಗಂಡ ತೀರಿಹೋಗಿ ಆರು ವರ್ಷವೂ ಕಳೆಯಿತು. ಅವನೆದುರು ಅವಳು ಈ ವಿಷಯದಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಮಗಳನ್ನು ಒಂದು ಸಲ, ಒಂದೇ ಒಂದು ಸಲ, ಆ ಹೆಸರು ಹಿಡಿದು ಕರೆಯಬೇಕು ಎಂಬ ಆಸೆ ಮಾತ್ರ ಸಾಯಲಿಲ್ಲ. ಹಾಗೆ ದೂರವಾದವರನ್ನು ಹುಡುಕಿ ಕಾಗದ ತಲುಪಿಸುವ ಕಚೇರಿಯೊಂದು ಇದೆ ಎಂದು ಯಾವುದೋ ಕೋಟಿನ ಜೇಬಿನಲ್ಲಿ ಮರೆತುಹೋದ ಪತ್ರಿಕೆಯ ತುಂಡಿನಲ್ಲಿ ಓದಿ, ಒಂದು ಮಂಗಳವಾರ ಅಂಗಡಿಗೆ ರಜೆ ಹಾಕಿ ಹೋದಳು.

ಅರ್ಜಿ ಕೊಟ್ಟು ಏಳು ತಿಂಗಳಾದ ಮೇಲೆ ಕಚೇರಿಯಿಂದ ಕರೆ ಬಂತು. ಎರಡನೇ ಮಹಡಿ, ಉದ್ದನೆಯ ಹಜಾರ, ಗೋಡೆಗುಂಟ ಬೆಂಚುಗಳು. ಕೋಣೆಯ ಬಾಗಿಲು ತೆರೆದು, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮೇಡಂ ಒಬ್ಬರು ಫೈಲು ನೋಡಿ ಹೆಸರು ಕೂಗುತ್ತಿದ್ದರು. ಹೊಲಿಗೆಯಕ್ಕನ ಹೆಸರನ್ನು ಮೂರು ಸಲ ಕೂಗಿದರು. ಅಕ್ಕ ಎನ್ನಿಸಿಕೊಂಡು ಅಭ್ಯಾಸವಾದವಳು ಅದು ಬೇರೆ ಯಾರದೋ ಇರಬೇಕೆಂದು ಸುಮ್ಮನೆ ಕೂತಿದ್ದಳು. ಪಕ್ಕದಲ್ಲಿದ್ದವರು ಅವಳ ಕೈಲಿದ್ದ ಚೀಟಿ ಓದಿ ತಿವಿದ ಮೇಲೆ ಎದ್ದಳು.

ಮಗಳು ಸಿಕ್ಕಿದ್ದಾಳೆ ಎಂದು ಮೇಡಂ ಹೇಳಿದರು. ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಹೇಳುವಂತಿಲ್ಲ. ಈಗಿನ ಹೆಸರು ಮಾತ್ರ ಹೇಳಬಹುದು, ಕಾಗದದ ಮೇಲೆ ಬರೆಯಬೇಕಲ್ಲ. ಆಮೇಲೆ ನಿಯಮ ಹೇಳತೊಡಗಿದರು. ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹೆಂಗಸು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದರು. ಬರೆಯುವುದು ಒಂದೇ ಕಾಗದ. ತೊಂಬತ್ತು ದಿನದಲ್ಲಿ ಉತ್ತರ ಬರದಿದ್ದರೆ ಫೈಲು ಮುಚ್ಚುತ್ತದೆ, ಇನ್ನೊಮ್ಮೆ ತೆರೆಯುವುದಿಲ್ಲ. ಬರೆದವರ ಹೆಸರು, ವಿಳಾಸ ಹಾಕಕೂಡದು. ಮಗಳೇ, ಕಂದ, ಚಿನ್ನ ಎಂದು ಬರೆಯಕೂಡದು. ನೀವು ಎನ್ನಬೇಕು. ಹಿಂದೊಬ್ಬರು ಅಷ್ಟು ಹೇಳಿದರೂ ಕೇಳದೆ ‘ನನ್ನ ಮುದ್ದು ಬಂಗಾರವೇ’ ಎಂದು ಶುರುಮಾಡಿದ್ದರಂತೆ. ಆ ಕಾಗದ ಎರಡು ತುಂಡಾಗಿ ವಾಪಸು ಬಂದಿತಂತೆ.

“ನಾನಿಟ್ಟ ಹೆಸರೊಂದಿದೆ” ಎಂದಳು ಹೊಲಿಗೆಯಕ್ಕ. “ಅದನ್ನೇ ಬರೀತೀನಿ.”

“ಅದು ಅವರಿಗೆ ಗೊತ್ತಾ?”

ಹೊಲಿಗೆಯಕ್ಕ ಅಂಗಿಯ ವಿಷಯ ಎತ್ತಲಿಲ್ಲ. ಮೂವತ್ತಮೂರು ವರ್ಷ ಯಾರು ಅಂಗಿ ಇಟ್ಟುಕೊಂಡು ಕೂತಿರುತ್ತಾರೆ. ಗೊತ್ತಿರಲಾರದು ಎಂದಳು.

“ನೀವು ಅವರನ್ನ ಹೆತ್ತವರು, ಸರಿ. ಆದ್ರೆ ಅವರಿಗೆ ನೀವು ಬೀದೀಲಿ ಹೋಗೋ ಯಾರೋ. ಯಾರೋ ಬಂದು ನಿಮ್ಮದಲ್ಲದ ಹೆಸರಿಂದ ಕೂಗಿದ್ರೆ ತಿರುಗಿ ನೋಡ್ತೀರಾ? ಒಬ್ಬರು ಏನಂತ ಕರೆಸಿಕೊಳ್ತಾರೋ ಅದೇ ಅವರ ಹೆಸರು. ಮಿಕ್ಕಿದ್ದು ನಮ್ಮ ಆಸೆ.”

ಅವಳಿಗೆ ಸಿಟ್ಟು ನೆತ್ತಿಗೇರಿತು. ತನ್ನದೇ ಹೆಸರಿಗೆ ತಾನೇ ಈಗಷ್ಟೇ ತಿರುಗಿ ನೋಡದೆ ಕೂತದ್ದು ನೆನಪಾಗಿ ಅಷ್ಟೇ ಬೇಗ ಇಳಿಯಿತು. ಮೇಡಂ ಬರೆದುಕೊಟ್ಟ ಹೊಸ ಹೆಸರು ನಾಲ್ಕಕ್ಷರದ್ದು, ಕೊನೆಯಲ್ಲೊಂದು ಒತ್ತು. ತನ್ನ ಮಗಳ ಹೆಸರನ್ನು ಅವಳು ಅಪರಿಚಿತರ ಹೆಸರು ಓದುವಂತೆ ಕೂಡಿಸಿಕೊಂಡು ಓದಿದಳು.

ಕಾಗದ ಬರೆಯಲು ಹನ್ನೊಂದು ದಿನ ಹಿಡಿಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕತ್ತರಿಸುವ ಮೇಜಿನ ಮೇಲೆ ಕೂತು ಬರೆಯುವುದು, ಓದುವುದು, ಹರಿಯುವುದು. ಒಂದರಲ್ಲಿ ತಪ್ಪೊಪ್ಪಿಗೆ ಜಾಸ್ತಿಯಾಯಿತು. ಇನ್ನೊಂದರಲ್ಲಿ ಅಪ್ಪನ ಮೇಲಿನ ದೂರು ಎರಡು ಪುಟ ನುಂಗಿತು. ಹೊಸ ಹೆಸರು ಮೊದಲ ಸಾಲಿನಲ್ಲಿ ಪರರ ಮನೆಯ ನೆಂಟರ ಹಾಗೆ ಬಿಗಿಯಾಗಿ ಕೂತಿರುತ್ತಿತ್ತು. ಕೈ ಕೂರಲಿ ಎಂದು ಅದನ್ನು ಖಾಲಿ ಚೀಟಿಗಳ ಹಿಂದೆ ಮತ್ತೆ ಮತ್ತೆ ಬರೆದಳು. ಅಂಥದೊಂದು ಚೀಟಿ ಇಸ್ತ್ರಿಯವರ ಕೈಗೆ ಸಿಕ್ಕಿತು.

“ಅಕ್ಕ, ಇದ್ಯಾರ ಕೋಟು?” ಎಂದು ಅವರು ಕೇಳಿದರು. ಇಪ್ಪತ್ತು ವರ್ಷದಲ್ಲಿ ಅವಳು ಒಂದು ಹೆಸರು ಬರೆದದ್ದನ್ನು ಅವರು ನೋಡಿರಲಿಲ್ಲ.

ಹೇಳಬಾರದೆಂದುಕೊಂಡವಳು ಎಲ್ಲವನ್ನೂ ಹೇಳಿಬಿಟ್ಟಳು. ಹಳದಿ ಅಂಗಿಯಿಂದ ಹಿಡಿದು ಮೇಡಂ ಕನ್ನಡಕದ ದಾರದವರೆಗೆ. ಇಸ್ತ್ರಿಯವರು ಕಾದ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ಕೇಳಿದರು. ಇಷ್ಟು ವರ್ಷ ಏಕೆ ಹೇಳಲಿಲ್ಲ ಎಂದು ಕೇಳಲಿಲ್ಲ, ಅದು ಅವರ ದೊಡ್ಡ ಗುಣ. ಕೊನೆಗೆ, ಹೊಸ ಗಿರಾಕಿಯ ಕೊರಳ ಅಳತೆ ತೆಗೆಯುವಾಗ ಏನು ಮಾಡುತ್ತೀರಿ ಎಂದು ಕೇಳಿದರು. ಏನು ಮಾಡುವುದು, ಟೇಪು ತೋರಿಸಿ ‘ಹಾಕಲಾ’ ಎಂದು ಕೇಳುತ್ತೇನೆ, ಹೂಂ ಎಂದ ಮೇಲೆ ಹಾಕುತ್ತೇನೆ ಎಂದಳು. ಹಾಗಾದರೆ ಅಷ್ಟನ್ನೇ ಬರೆಯಿರಿ ಎಂದು ಹೇಳಿ ಅವರು ಮತ್ತೆ ಇಸ್ತ್ರಿ ಹಿಡಿದರು.

ಅಷ್ಟನ್ನೇ ಬರೆದಳು. ಮೇಲೆ ಆ ನಾಲ್ಕಕ್ಷರ, ಪಕ್ಕದಲ್ಲಿ ‘ಅವರಿಗೆ ನಮಸ್ಕಾರ’. ನಾನು ನಿಮಗೆ ಪರಿಚಯದವಳಲ್ಲ. ನೀವು ಹುಟ್ಟಿದಾಗ ಒಂಬತ್ತು ದಿನ ನಿಮ್ಮ ಜೊತೆಗಿದ್ದವಳು. ಇನ್ನೊಂದು ಕಾಗದ ಬರೆಯಬಹುದೇ ಎಂದು ಕೇಳಲು ಇದನ್ನು ಬರೆದಿದ್ದೇನೆ. ಬೇಡವೆಂದರೆ ಬೇಡ, ಬೇಸರವಿಲ್ಲ. ಕೊನೆಯ ಮಾತು ಶುದ್ಧ ಸುಳ್ಳು, ಆದರೂ ಇರಲಿ ಎಂದು ಬಿಟ್ಟಳು. ಮೂರಕ್ಷರದ ಹೆಸರನ್ನು ಎಲ್ಲೂ ಬರೆಯಲಿಲ್ಲ. ಬರೆಯದೆ ಲಕೋಟೆ ಅಂಟಿಸುವಾಗ ಮಗುವನ್ನು ಎರಡನೆಯ ಸಲ ಕೊಟ್ಟ ಹಾಗಾಯಿತು.

ದಿನಗಳನ್ನು ಎಣಿಸಬಾರದೆಂದು ಇಸ್ತ್ರಿಯವರು ಬುದ್ಧಿ ಹೇಳಿದರು. ಹೇಳಿದವರೇ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ‘ಇವತ್ತಿಗೆ ನಲವತ್ತಾಯಿತು, ಅಕ್ಕ’ ಎನ್ನುತ್ತಿದ್ದರು. ಅರವತ್ತು ದಾಟಿದ ಮೇಲೆ ಅವರೂ ಸುಮ್ಮನಾದರು. ಅವಳು ಎರಡು ಪ್ಯಾಂಟುಗಳ ಕಾಲನ್ನು ಅದಲುಬದಲು ಅಳತೆಗೆ ಕತ್ತರಿಸಿ ಕೈಯಿಂದ ದಂಡ ತೆತ್ತಳು. ಎಪ್ಪತ್ತೊಂದನೆಯ ದಿನ ಕಚೇರಿಯಿಂದ ಫೋನು ಬಂತು. ಉತ್ತರ ಬಂದಿದೆ, ಬಂದು ತೆಗೆದುಕೊಂಡು ಹೋಗಿ.

ಮೇಡಂ ಲಕೋಟೆ ಒಡೆದು ಕೊಟ್ಟರು. ಒಳಗೆ ಒಂದೇ ಹಾಳೆ. ಅದರ ಮೊದಲ ಸಾಲಿನಲ್ಲಿ, ಕಲಿತವರ ದುಂಡು ಅಕ್ಷರದಲ್ಲಿ, ಆ ಮೂರಕ್ಷರ ಇತ್ತು. ಪಕ್ಕದಲ್ಲಿ ‘ಅವರಿಗೆ ನಮಸ್ಕಾರ’.

ಅವಳಿಗೆ ಮುಂದಿನ ಸಾಲು ಕಾಣಲಿಲ್ಲ. ಹಾಳೆಯನ್ನು ಮೇಡಂ ಕಡೆ ತಳ್ಳಿ ಓದಿ ಎಂದಳು. ಮೇಡಂ ಓದಿದರು.

“‘ನಿಮ್ಮ ಕಾಗದದಲ್ಲಿ ನಿಮ್ಮ ಹೆಸರಿರಲಿಲ್ಲ. ಆದರೆ ನನಗೆ ಅದು ಗೊತ್ತಿದೆ. ನನ್ನ ಜೊತೆ ಬಂದ ಹಳದಿ ಅಂಗಿಯ ಕೊರಳಪಟ್ಟಿಯಲ್ಲಿ ಹೊಲಿದಿದ್ದೀರಿ. ಇದು ನಿನ್ನನ್ನು ಹೆತ್ತವರ ಹೆಸರು, ಮರೆಯಬೇಡ ಎಂದು ನಮ್ಮಮ್ಮ ಚಿಕ್ಕಂದಿನಲ್ಲೇ ತೋರಿಸಿದ್ದರು. ಪರೀಕ್ಷೆಯ ದಿನ, ಜ್ವರ ಬಂದ ದಿನ, ಮನಸ್ಸಿನಲ್ಲೇ ನಿಮ್ಮನ್ನು ಆ ಹೆಸರಿನಿಂದ ಕರೆಯುತ್ತಿದ್ದೆ. ದೊಡ್ಡವರನ್ನು ಹೆಸರು ಹಿಡಿದು ಕರೆದದ್ದಕ್ಕೆ ಕ್ಷಮಿಸಿ. ಬೇರೆ ಏನೆನ್ನಬೇಕೋ ತಿಳಿಯಲಿಲ್ಲ. ಖಂಡಿತ ಬರೆಯಿರಿ.’”

ಮೇಡಂ ಹಾಳೆ ಕೆಳಗಿಟ್ಟು ಫೈಲು ತಿರುವಿದರು. ಇದು ನಿಮ್ಮ ಹೆಸರಲ್ಲವಲ್ಲ ಎಂದರು. ಅಲ್ಲ, ಅವಳದು ಎಂದಳು ಹೊಲಿಗೆಯಕ್ಕ. ಹಾಳೆಯನ್ನು ಹತ್ತಿರಕ್ಕೆಳೆದು ಆ ಮೂರಕ್ಷರದ ಮೇಲೆ ಬೆರಳಿಟ್ಟಳು. ಮೇಡಂ ಎದ್ದು ಹೋಗಿ ನೀರು ತಂದರು, ಯಾರ ಮೇಲೋ ಕೋಪ ಬಂದವರ ಹಾಗೆ ಲೋಟ ಕುಕ್ಕಿದರು.

ಸ್ವಲ್ಪ ಹೊತ್ತಿನ ಮೇಲೆ ಒಂದು ಫಾರಂ ಮುಂದೆ ಬಂತು. ಇಬ್ಬರೂ ಒಪ್ಪಿದ ಮೇಲೆ ತುಂಬುವ ಫಾರಂ. ಅದರಲ್ಲಿ ‘ನಿಮ್ಮನ್ನು ಏನೆಂದು ಕರೆಯಬೇಕು’ ಎಂದು ಒಂದು ಕಡೆ ಖಾಲಿ ಬಿಟ್ಟಿದ್ದರು. ಹೊಲಿಗೆಯಕ್ಕ ಆ ಜಾಗದಲ್ಲಿ ಮೂರಕ್ಷರ ಬರೆದಳು. ದಾಖಲೆಯಲ್ಲಿ ಇರುವುದು ಬೇರೆ, ಇದು ಸುಳ್ಳಾಗುತ್ತದೆ ಎಂದು ಮೇಡಂ ತಡೆದರು.

“ನಿಯಮ ಹೇಳಿದ್ದು ನೀವೇ” ಎಂದಳು ಹೊಲಿಗೆಯಕ್ಕ. “ಒಬ್ಬರು ಏನಂತ ಕರೆಸಿಕೊಳ್ತಾರೋ ಅದೇ ಅವರ ಹೆಸರು ಅಂತ. ನಾನು ಹೀಗೆ ಕರೆಸಿಕೊಳ್ತೀನಿ.”

“ಮುಂದೆ ಗೊತ್ತಾದಾಗ?”

“ಎದುರಿಗೆ ಕೂರಿಸಿಕೊಂಡು ನಾನೇ ಹೇಳ್ತೀನಿ. ಇಷ್ಟು ವರ್ಷ ಊರವರ ಬಟ್ಟೆ ತಿದ್ದಿದವಳು ನಾನು. ಇದನ್ನ ಇವತ್ತೇ ತಿದ್ದೋದು ಬೇಡ.”

ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನಲವತ್ತು ವರ್ಷದ ಚಾಕರಿಯಲ್ಲಿ ನಿಯಮ ಮುರಿದವರಲ್ಲ. ಇದರಲ್ಲಿ ಮುರಿದದ್ದು ಯಾವ ನಿಯಮ ಎಂದು ಅವರಿಗೂ ಹೊಳೆಯಲಿಲ್ಲವೇನೋ, ಮೊಹರು ಒತ್ತಿದರು. ಮುಂದಿನ ಮಂಗಳವಾರ ಮಗಳು ಕಚೇರಿಗೆ ಫೋನು ಮಾಡುವುದೆಂದು ನಿಗದಿಯಾಯಿತು.

ಆ ಮಂಗಳವಾರ ಇಸ್ತ್ರಿಯವರು ಅವಳ ಸೀರೆಗೆ ತಾವೇ ಇಸ್ತ್ರಿ ಹಾಕಿ ಕೊಟ್ಟು, ಅಂಗಡಿ ನಾನು ನೋಡಿಕೊಳ್ಳುತ್ತೇನೆ, ಪ್ಯಾಂಟು ಕೋಟುಗಳು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಕಳಿಸಿದರು. ಹಜಾರದಲ್ಲಿ ಅದೇ ಬೆಂಚು. ಎಷ್ಟೋ ಜನ ಫೈಲಿನ ಹೆಸರುಗಳಿಗೆ ಕಾದು ಕೂತಿದ್ದರು. ಹೊಲಿಗೆಯಕ್ಕ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತೆರೆಯಿತು. ಮೇಡಂ ಫೈಲು ನೋಡಿದರು, ಅದನ್ನು ಮುಚ್ಚಿದರು, ಆಮೇಲೆ ಹಜಾರಕ್ಕೆಲ್ಲ ಕೇಳುವ ಹಾಗೆ ಆ ಮೂರಕ್ಷರದ ಹೆಸರು ಕೂಗಿದರು. ಮೂವತ್ತಮೂರು ವರ್ಷದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಕರೆದಿರಲಿಲ್ಲ.

ಒಂದೇ ಸಲ ಕೂಗಿದ್ದು ಸಾಕಾಯಿತು. “ಬಂದೆ” ಎಂದು ಹೊಲಿಗೆಯಕ್ಕ ಎದ್ದು ನಿಂತಳು.