ಚತುರ್ದಶಿಯ ಕಾಕವಿ

ನಮ್ಮ ಜಿನಮತಿ ಕಾಕು, ಮಾತಾಡುವವರ ಮುಖವನ್ನು ಎಂದೂ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದರು. ಮದುವೆಯಾಗಿ ಬೋರಗಾಂವಕ್ಕೆ ಬಂದ ದಿನ, ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ವಿನಯವನ್ನೆಲ್ಲ ಮುಖಕ್ಕೆ ತಂದುಕೊಂಡು ನಾನು ನಮಸ್ಕರಿಸಿದರೆ, ಅವರು ಬಾಗಿ ನನ್ನ ಉಗುರುಗಳನ್ನು ಪರೀಕ್ಷಿಸಿ, "ರಕ್ತ ಕಡಿಮಿ ಐತಿ. ನುಗ್ಗಿ ತೊಪ್ಪಲ ತಿನ್ನು ಬೇ" ಎಂದು ಘೋಷಿಸಿ ಹೊರಟೇಹೋದರು. ಮುಖ ಸುಳ್ಳು ಹೇಳಬಲ್ಲದು, ಕೈಗೆ ಆ ವಿದ್ಯೆ ಬಾರದು ಎಂಬುದು ಅವರ ಸಿದ್ಧಾಂತ.

ಅವರು ನನ್ನ ಗಂಡನ ಕಾಕಾ ಬಾಪುಸಾಹೇಬರ ಹೆಂಡತಿ. ಸ್ಥೂಲಕಾಯ, ಒಂದು ಮೊಣಕಾಲು ಮಡಚುತ್ತಿರಲಿಲ್ಲವಾದ್ದರಿಂದ, ಕಬ್ಬು ಹೇರಿದ ಚಕ್ಕಡಿ ತಿರುವಿನಲ್ಲಿ ವಾಲುವಂತೆ ವಾಲಿ, ನೆಟ್ಟಗಾಗಿ, ಮತ್ತೆ ವಾಲಿ ಸಾಗುವ ಅವರ ನಡಿಗೆಗೆ ಒಂದು ವಿಲಂಬಿತ ಗಾಂಭೀರ್ಯವಿತ್ತು. ಇಳಕಲ್ ಸೀರೆಯ ಮೇಲೆ ಗಂಡನ ಹಳೆಯ ಕಂದು ಕೋಟು, ಉರಿಬೇಸಿಗೆಯಲ್ಲೂ; ಹೆಂಗಸಿಗೆ ಕಿಸೆಯಿಲ್ಲದ ಉಡುಪು ಹೊಲಿದವನ ತಲೆ ಸರಿಯಿಲ್ಲವೆಂದು ಅವರ ವಾದ. ಹಿತ್ತಿಲ ಶೆಡ್ಡಿನಲ್ಲಿ ಹಗಲೆಲ್ಲ ಪವರ್‌ಲೂಮು ಖಟಗುಡುತ್ತಿದ್ದುದರಿಂದ ಅವರ ಕಂಠ ಆ ಸದ್ದನ್ನು ಮೀರುವ ಎತ್ತರಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತ್ತು. ಕರೆಂಟು ಹೋದರೂ ಇಳಿಯುತ್ತಿರಲಿಲ್ಲ.

ನಾನೋ ಹುಟ್ಟಾ ಅಂಜುಬುರುಕಿ. ಮಗಳು ಕುಸುಮ ಕೂಸಾಗಿದ್ದಾಗ ಥರ್ಮಾಮೀಟರು ಹಿಡಿದು ತೊಟ್ಟಿಲ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೆ. ಕಾಕು ಕೂಸಿನ ಮುಷ್ಟಿ ಬಿಡಿಸಿ ನೋಡಿ, "ಹಾಲ ಕುಡ್ಯಾಕತ್ತಾಳ, ಕೈಕಾಲ ಆಡ್ಸಾಕತ್ತಾಳ. ಆಕಿನ್ನ ಬಿಡು, ಮೊದಲ ನೀ ಉಣ್ಣ ನಡಿ" ಎಂದು ನನ್ನನ್ನು ಎಬ್ಬಿಸುವರು. ಹಾಗೆಂದು ಅವರ ಲೆಕ್ಕಾಚಾರ ಸದಾ ಸರಿಯೆಂದಲ್ಲ. ಪಕ್ಕದ ಮನೆಯ ಧರೆಪ್ಪನ ಎದೆನೋವನ್ನು ಹಾರ್ಟ್ ಅಟ್ಯಾಕೇ ಎಂದು ನಿರ್ಧರಿಸಿ, ಜೀಪು ಮಾಡಿಸಿ ನಿಪ್ಪಾಣಿಗೆ ಸಾಗಿಸಿದರೆ, ಅದು ಹಸಿ ಶೇಂಗಾ ತಿಂದ ವಾಯುವೆಂದು ತೇಲಿತು. ಊರು ವಾರಗಟ್ಟಲೆ ನಕ್ಕಿತು. "ನಗ್ರಿ ನಗ್ರಿ. ಧರೆಪ್ಪನೂ ನಗಾಕತ್ತಾನಲ್ಲ, ಅದ ಬೇಕಾಗಿತ್ತು ನನಗ" ಎಂದು ಅವರೂ ಕೂಡಿ ನಕ್ಕರು.

ಕಾಕಾನಿಗೆ ಸಕ್ಕರೆ ಕಾಯಿಲೆ ಎಂದು ತಿಳಿದಾಗ ಚಿಕ್ಕೋಡಿಯ ಡಾಕ್ಟರು ಗುಳಿಗೆ ಬರೆದುಕೊಟ್ಟು, ಸಕ್ಕರೆ ಏರದಂತೆ ಕಾಯುವ ಬಗೆಯನ್ನೆಲ್ಲ ವಿವರಿಸಿದರಂತೆ. ಕಾಕು ಕುರ್ಚಿ ಬಿಟ್ಟು ಏಳಲಿಲ್ಲ. "ಏರೂದ ಹೇಳಿದ್ರಿ ಸಾಹೇಬ್ರ. ಇಳದ್ರ ಹೆಂಗ ಗೊತ್ತಾಗಬೇಕ್ರಿ?" ತಣ್ಣನೆ ಬೆವರು, ನಡುಕ, ತಾಳತಪ್ಪಿದ ಮಾತು; ಎಚ್ಚರವಿರುವಾಗಲೇ ಸಿಹಿ ಕೊಡಬೇಕು, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಸುರಿಯಬಾರದು: ಇಷ್ಟನ್ನೂ ಹೇಳಿಸಿಕೊಂಡು, ಮತ್ತೊಮ್ಮೆ ಹೇಳಿಸಿ, ಮೂರನೆಯ ಸಲ ತಾವೇ ಡಾಕ್ಟರಿಗೆ ಒಪ್ಪಿಸಿ ಬಂದರು.

ಎಂಬತ್ತೆಂಟರ ಭಾದ್ರಪದ. ಅನಂತ ಚತುರ್ದಶಿಯಂದು ಕಾಕಾ ಪ್ರತಿವರ್ಷದಂತೆ ಅನ್ನ ನೀರು ಎರಡನ್ನೂ ತ್ಯಜಿಸುವ ಉಪವಾಸ ಹಿಡಿದರು. ಬೇಡವೆಂದು ಕಾಕು ಮಾಡಿದ ಜಗಳ ಬೀದಿಗೆಲ್ಲ ಕೇಳಿತ್ತು, ಆದರೂ ಸೋತಿದ್ದರು. ಮಧ್ಯಾಹ್ನ ಬಸದಿಯಲ್ಲಿ ಪೂಜೆ ನಡೆದಿತ್ತು. ಗಂಡಸರ ಸಾಲಿನಲ್ಲಿ ಕಾಕಾ ಕಣ್ಣುಮುಚ್ಚಿ ಜಪಮಾಲೆ ಹಿಡಿದು ಕುಳಿತಿದ್ದರು. ಆ ಮುಖದಲ್ಲಿ ನನಗೆ ದಿವ್ಯವಾದ ಪ್ರಶಾಂತಿಯೇ ಕಂಡಿತು. ಪಕ್ಕದಲ್ಲಿದ್ದ ಕಾಕು ನನ್ನ ಮೊಣಕೈ ತಿವಿದರು.

"ಮಣಿ ಮುಂದ ಹೋಗವೊಲ್ದು, ನೋಡು."

ನಿಜ, ಬೆರಳು ಒಂದೇ ಮಣಿಯನ್ನು ತಿಕ್ಕುತ್ತಿತ್ತು, ನಡುಗುತ್ತಿತ್ತು. ಕಾಕು ಎದ್ದು, ವಾಲುತ್ತ ವಾಲುತ್ತ, ಪೂಜೆಯ ನಡುವೆಯೇ ಗಂಡಸರ ಸಾಲನ್ನು ಸೀಳಿ ಹೋಗಿ ಗಂಡನ ಕತ್ತಿನ ಹಿಂದೆ ಅಂಗೈ ಇಟ್ಟರು. ಬಸದಿಯ ಪಂಚರಲ್ಲಿ ಹಿರಿಯರಾದ ನನ್ನ ಮಾವ, ಕಾಕಾನ ಅಣ್ಣ ಪಾರಿಸಪ್ಪನವರು, ಕಣ್ಣು ಕೆಂಪಗೆ ಮಾಡಿದರು. "ಧ್ಯಾನದಾಗ ಅದಾನ. ಮುಟ್ಟಬ್ಯಾಡ."

ಅಷ್ಟರಲ್ಲಿ, ಜನ್ಮದಲ್ಲಿ ಕೆಟ್ಟ ಮಾತಾಡದ ಕಾಕಾ ತೊದಲಿದರು: "ಮಗ್ಗದ ಲಾಳಿ ಹಾರೇತಿ... ಹಿಡೀರಿ, ಭಾಡ್ಯಾಗೋಳ!"

"ಧ್ಯಾನದಾಗ ಇದ್ದಾಂವ ಬೈತಾನನ್ರಿ ಭಾವಾರ? ಮೈ ನೀರಾಗೇತಿ, ತಣ್ಣಗ ಐತಿ. ಸಕ್ಕರಿ ಇಳದೈತಿ." ನನ್ನ ಕಡೆ ತಿರುಗಿ, "ಓಡು ಬೇ! ಕಾಕವಿ ಗಡಿಗಿ ತಾ!" ಎಂದರು.

ಕಂಕುಳಲ್ಲಿ ಕೂಸಿತ್ತು. ನಾನು ತಡವರಿಸುವಷ್ಟರಲ್ಲಿ ಕಾಕು ಅದನ್ನು ಕಿತ್ತುಕೊಂಡು ಮಾವನವರ ತೊಡೆಯ ಮೇಲೆ ಕೂರಿಸಿದರು. ತಡೆಯಲೆಂದು ಏಳಹೊರಟಿದ್ದ ಅವರು ಮೊಮ್ಮಗಳ ಭಾರಕ್ಕೆ ಮತ್ತೆ ಕುಳಿತರು. "ವ್ರತ ಮುರೀತಿ, ಜಿನಮತಿ!"

"ಹೂಂ, ಮುರೀತೇನ್ರಿ. ಪಾಪ ನನಗಿರ್ಲಿ, ಗಂಡನೂ ನನಗಿರ್ಲಿ."

ಬಸದಿಯ ಎದುರಿಗೇ ಇದ್ದ ನಮ್ಮ ಮನೆಯಿಂದ ಬೆಲ್ಲದ ಪಾಕದ ಗಡಿಗೆ ತರುವಷ್ಟರಲ್ಲಿ ಕಾಕಾನನ್ನು ಹೊರಗಿನ ಕಟ್ಟೆಗೆ ತಂದಿದ್ದರು. ಕಣ್ಣು ಅರೆಮುಚ್ಚಿದ್ದವು. ಯಾರೋ ನೀರಿನ ತಂಬಿಗೆ ಬಾಯಿಗೆ ಹಿಡಿದರೆ ಕಾಕು ಅದನ್ನು ತಳ್ಳಿದರು: "ನೆತ್ತಿಗೇರಿ ಸತ್ತಾರ!" ಗಂಡನನ್ನು ಪಕ್ಕಕ್ಕೆ ಹೊರಳಿಸಿ, ಕಾಕವಿಯಲ್ಲಿ ಬೆರಳದ್ದಿ ಕೆನ್ನೆಯ ಒಳಗೆ ಹಚ್ಚಿದರು, ತಡೆದರು, ಮತ್ತೆ ಹಚ್ಚಿದರು. ತುಟಿ ಅಲುಗಿತು. ನಾಲಗೆ ಬೆರಳನ್ನು ಹುಡುಕಿತು. ಗಂಟಲು ನುಂಗಿದ್ದನ್ನು ಕಂಡ ಮೇಲೆಯೇ ಮುಂದಿನ ತೊಟ್ಟು. ಎಷ್ಟೋ ಹೊತ್ತಿನ ಮೇಲೆ ಕಾಕಾ ಕಣ್ಣು ಬಿಟ್ಟು, "ಯಾಕ ಎಲ್ಲಾರೂ ನಿಂತೀರಿ?" ಎಂದರು.

ಗುಳಿಗೆ ಯಾವಾಗ ನುಂಗಿದಿರೆಂದು ಕಾಕು ಕೇಳಿದಾಗ ಕಾಕಾನ ಗುಟ್ಟು ಹೊರಬಿತ್ತು. "ಇವತ್ತ ನುಂಗಾಕ ಬರೂದಿಲ್ಲಲ್ಲ, ಅದಕ್ಕ ಇವತ್ತಿನ ಗುಳಿಗೀನೂ ನಿನ್ನೆ ಹೊತ್ತ ಮುಳಗೂದ್ರಾಗ ನುಂಗಿಬಿಟ್ನಿ."

ಜನ ನಿಟ್ಟುಸಿರಿಟ್ಟು, ಆರಾಮಾಯಿತು, ಮನೆಗೆ ಕರೆದೊಯ್ಯಿರಿ ಎಂದಿತು. ಕಾಕು ಒಪ್ಪಲಿಲ್ಲ. "ಎರಡು ದಿನದ ಗುಳಿಗಿ ಹೊಟ್ಟ್ಯಾಗ ಕುಂತಾವ. ಜೀಪ್ ತರ್ರಿ." ದಾರಿಯಲ್ಲಿ ಕಾಕಾ ಮತ್ತೆ ಬೆವತರು, ಮತ್ತೆ ಕಾಕವಿ ನೆಕ್ಕಿದರು. ನಿಪ್ಪಾಣಿಯಲ್ಲಿ ಗ್ಲೂಕೋಸು ಏರಿಸಿದ ಡಾಕ್ಟರು ಮಾವನವರಿಗೆ, "ಮನ್ಯಾಗ ಮಲಗಿಸಿದ್ರ ಮತ್ತ ಏಳತಿರಲಿಲ್ಲರಿ" ಎಂದರು. ಮಾವನವರು ಜೀಪಿನವನನ್ನು ಕಳಿಸಿ ಕಾಕುವಿಗೆ ಬಾಳೆಹಣ್ಣು ತರಿಸಿದರು.

ಮರುದಿನ ಕಾಕಾ ಹಾಸಿಗೆಯಲ್ಲಿ ಮುಖ ತಿರುವಿದ್ದರು. "ವ್ರತಾ ಕೆಡಿಸಿದಿ."

"ಮುಂದಿನ ವರ್ಷ ಮಾಡ್ರಿ. ಮಾಡಾಕ ನೀವು ಇರಬೇಕಲ್ಲ?"

ಮುಂದಿನ ವರ್ಷ ಗಂಡನ ಬದಲು ಉಪವಾಸ ಕುಳಿತವರು ಕಾಕು. ಎದುರು ಕುಳಿತು ಉಣ್ಣಬೇಕಾದವರು ಕಾಕಾ. "ನಾಚಿಕಿ ಬರತೈತಿ" ಎಂದು ಅವರು ತಲೆ ತಗ್ಗಿಸಿದರೆ, "ನಾಚ್ಕೋಂತನ ಉಣ್ರಿ" ಎಂದು ಇವರು ಇನ್ನೊಂದು ರೊಟ್ಟಿ ಬಡಿಸಿದರು.

ಪ್ರತಿ ಮನೆತನದಲ್ಲೂ ಇಂಥವರು ಒಬ್ಬರಿರುತ್ತಾರೆ. ಅವರನ್ನು ಜಗಳಗಂಟಿಯೆಂದೂ ಸಂಶಯದ ಪ್ರಾಣಿಯೆಂದೂ ಕರೆಯುತ್ತೇವೆ. ಪಂಕ್ತಿಯ ಕೊನೆಗೆ ಕೂರಿಸುತ್ತೇವೆ. ಅವರ ವಾತ್ಸಲ್ಯ ಯಾವ ಹಾಡಿಗೂ ಒಗ್ಗದಷ್ಟು ಒರಟು. ಆದರೆ ಉಳಿದವರೆಲ್ಲ ನಿಶ್ಚಿಂತರಾಗಿ ಕಣ್ಣು ಮುಚ್ಚಿ ಕೈಮುಗಿಯಲು ಸಾಧ್ಯವಾಗಿರುವುದು, ಆ ಒಬ್ಬರು ಕಣ್ಣು ತೆರೆದು ಕುಳಿತಿರುವುದರಿಂದಲೇ.