ಪಟ್ಟಿಯಲ್ಲಿ ಪರಮಶಿವಯ್ಯ

ತಿಪಟೂರಿನ ಗಂಡಸರ ಸೊಂಟದ ಅಳತೆ ನನ್ನ ಗಂಡನಿಗೆ ಗೊತ್ತು, ಅವರ ಹೊಟ್ಟೆಕಿಚ್ಚಿನ ಅಳತೆ ನನಗೆ ಗೊತ್ತು. ನನ್ನ ಗಂಡ ಇಮ್ದಾದ್, ಟೈಲರ್. ನಾನು ಯಾಸ್ಮಿನ್. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಇಬ್ಬರದ್ದೂ ಒಂದೇ ಅಂಗಡಿ. ಎಡಗಡೆ ಅವರ ಹೊಲಿಗೆ ಮಿಷನ್, ಬಲಗಡೆ ನನ್ನ ಕಂಪ್ಯೂಟರ್, ನಡುವೆ ಒಂದು ಹೂವಿನ ಪರದೆ. ಮದುವೆ ಕಾರ್ಡು, ಬಯೋಡೇಟಾ, ಕರಪತ್ರ ಮತ್ತು ಎಲ್ಲ ತರದ ಅರ್ಜಿ ಎಂದು ಬೋರ್ಡು ಬರೆಸಿದ್ದೆವು. ಮದುವೆ ಕಾರ್ಡು ವರ್ಷದಲ್ಲಿ ನಾಲ್ಕು ತಿಂಗಳ ವ್ಯಾಪಾರ. ಹನ್ನೆರಡು ತಿಂಗಳೂ ತಪ್ಪದೆ ನಡೆಯುತ್ತಿದ್ದದ್ದು ಮೂಗರ್ಜಿ.

ಮೂಗರ್ಜಿ ಎಂದರೆ ಸಹಿಯಿಲ್ಲದ ದೂರು. ಬರೆದವರ ಹೆಸರಿರಬೇಕಾದ ಜಾಗದಲ್ಲಿ ‘ನೊಂದ ಗ್ರಾಮಸ್ಥರು’ ಎಂದಿರುತ್ತದೆ. ನೊಂದವರು ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ, ಸಾಮಾನ್ಯವಾಗಿ ಒಬ್ಬರೇ. ನಮ್ಮ ಕಡೆ ಇದಕ್ಕೆ ಮದುವೆ ಶಾಸ್ತ್ರದಷ್ಟೇ ಕಟ್ಟುನಿಟ್ಟಾದ ಕ್ರಮವಿದೆ. ಕೈಯಲ್ಲಿ ಬರೆಯಬಾರದು, ಅಕ್ಷರದ ಗುರುತು ಹತ್ತುತ್ತದೆ. ಸ್ವಂತ ಊರಿನಲ್ಲಿ ಅಂಚೆಗೆ ಹಾಕಬಾರದು, ತಿಪಟೂರಿನವರು ಅರಸೀಕೆರೆಗೆ ಹೋಗಿ ಹಾಕಬೇಕು. ಹಿಂದೆ ವೆಂಕಟಯ್ಯನವರ ಟೈಪ್‌ರೈಟರಿನಲ್ಲಿ ಹೊಡೆಸುತ್ತಿದ್ದರು. ಆ ಮಿಷನ್ನಿನಲ್ಲಿ ‘ಕ’ಕಾರದ ತಲೆಕಟ್ಟು ಬೀಳುತ್ತಿರಲಿಲ್ಲ. ತಲೆಕಟ್ಟಿಲ್ಲದ ಅರ್ಜಿ ಯಾವ ಕಚೇರಿಗೆ ಹೋದರೂ ಗುಮಾಸ್ತರು ಗುರುತು ಹಿಡಿದು, ವೆಂಕಟಯ್ಯನವರನ್ನೇ ಕರೆದು ಚಹಾ ಕುಡಿಸಿ, ಬರೆಸಿದವರು ಯಾರೆಂದು ತಿಳಿದುಕೊಳ್ಳುತ್ತಿದ್ದರು. ಹಾಗಾಗಿ ಎರಡು ಸಾವಿರದ ನಾಲ್ಕರ ಹೊತ್ತಿಗೆ ನೊಂದವರೆಲ್ಲ ನನ್ನ ಕಡೆ ಬಂದರು. ಕಂಪ್ಯೂಟರಿನ ಅಕ್ಷರಕ್ಕೆ ಗುರುತಿಲ್ಲ ಎಂಬುದು ಅವರ ನಂಬಿಕೆ.

ನನ್ನ ಬಾಯಿ ಜೋರು, ಒಪ್ಪುತ್ತೇನೆ. ಆದರೆ ಸೋರುವ ಬಾಯಲ್ಲ. ಯಾರು ಯಾರ ಮೇಲೆ ಬರೆಸಿದರು ಎಂದು ಪರದೆಯಾಚೆ ಕೂತ ಗಂಡನಿಗೂ ಹೇಳಿದವಳಲ್ಲ. ಮೇಲಾಗಿ ನನ್ನ ಕನ್ನಡ ಚೆನ್ನಾಗಿತ್ತು. ‘ನುಂಗಿ ನೀರು ಕುಡಿದವ್ನೆ’ ಎಂದು ಅವರು ಹೇಳಿದರೆ ನಾನು ‘ದುರುಪಯೋಗಪಡಿಸಿಕೊಂಡಿರುತ್ತಾರೆ’ ಎಂದು ಬರೆಯುತ್ತಿದ್ದೆ. ಓದಿ ಕೇಳಿಸಿದಾಗ ನೊಂದವರ ಮುಖದಲ್ಲಿ ಅರ್ಧ ನೋವು ಅಲ್ಲೇ ಇಳಿಯುತ್ತಿತ್ತು.

ಒಂದೇ ತೊಡಕು, ಕಡತವನ್ನು ಉಳಿಸಲು ಅದಕ್ಕೊಂದು ಹೆಸರು ಕೊಡಬೇಕು. ತಮ್ಮ ಹೆಸರನ್ನು ಕಂಪ್ಯೂಟರಿಗೆ ಹೇಳಲೂ ಯಾರೂ ಒಪ್ಪುತ್ತಿರಲಿಲ್ಲ. ಆದ್ದರಿಂದ ಯಾರ ಮೇಲೆ ದೂರೋ ಅವರ ಹೆಸರನ್ನೇ ಕೊಟ್ಟು ಪಕ್ಕದಲ್ಲಿ ಒಂದು ಅಂಕಿ ಹಾಕುತ್ತಿದ್ದೆ. ಈ ಬುದ್ಧಿವಂತಿಕೆಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ.

ಆ ವರ್ಷದ ಆಗಸ್ಟಿನಲ್ಲಿ ದ್ರಾಕ್ಷಾಯಣಮ್ಮ ಬಂದರು. ಬಿಳಿಗೆರೆಗೂ ಹಾಲ್ಕುರಿಕೆಗೂ ನಡುವೆ ಒಂದು ಹಳ್ಳಿ, ಹೆಸರು ಹೇಳುವುದಿಲ್ಲ. ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಮುಖ್ಯ ಅಡುಗೆಯವರು. ಗಂಡ ತೀರಿಕೊಂಡ ಮೇಲೆ ಆ ಸೌಟಿನಿಂದಲೇ ಮನೆ ನಡೆಯುತ್ತಿತ್ತು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಪರಮಶಿವಯ್ಯ ತಿಂಗಳಿಗೆ ಎರಡು ಮೂಟೆ ಅಕ್ಕಿಯನ್ನು ಶಾಲೆಯಿಂದ ತನ್ನ ತೋಟದ ಮನೆಗೆ ಸಾಗಿಸುತ್ತಾನೆ, ಉಳಿದದ್ದರಲ್ಲಿ ಮಕ್ಕಳಿಗೆ ಸಾಲುವುದಿಲ್ಲ ಎಂದು ತಾರೀಖಿನ ಸಮೇತ ಹೇಳಿದರು. ಬೇರೆಯವರ ಮೂಗರ್ಜಿಯಲ್ಲಿ ಉರಿ ಇರುತ್ತಿತ್ತು, ಇದರಲ್ಲಿ ಹಸಿವಿತ್ತು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತರು.

“ನನ್ ಹೆಸ್ರು ಆಚೆಗೆ ಬಂದ್ರೆ ಮಾರ್ನೇ ದಿನಕ್ಕೇ ಸೌಟು ಕಿತ್ಕತಾನೆ ಕಣವ್ವ,” ಅಂದರು. ಬರುವುದಿಲ್ಲ ಎಂದು ಮಾತು ಕೊಟ್ಟೆ.

ಮೂರೇ ದಿನಕ್ಕೆ, ಕೊಬ್ಬರಿ ಹರಾಜಿನ ದಿನ, ಪರಮಶಿವಯ್ಯನೇ ಅಂಗಡಿಗೆ ಬಂದ. ಆಶ್ಚರ್ಯವೇನಿಲ್ಲ, ಅವನು ನನ್ನ ಖಾಯಂ ಗಿರಾಕಿ. ಅದೇ ಊರಿನ ಶ್ರೀರಂಗಯ್ಯ ಅವನ ಎದುರಾಳಿ. ಶ್ರೀರಂಗಯ್ಯನ ಮೇಲೆ ಪರಮಶಿವಯ್ಯ ಆಗಲೇ ಎರಡು ಬಾರಿ ನೊಂದ ಗ್ರಾಮಸ್ಥರಾಗಿದ್ದ. ಈಗ ಮೂರನೆಯ ಸಲ. ಹಳೆಯದನ್ನೇ ತೆಗೆದು ತಾರೀಖು ಬದಲಾಯಿಸಿ, ಕೊನೆಯಲ್ಲಿ ಇನ್ನೆರಡು ಆರೋಪ ಸೇರಿಸು ಎಂದ. ಮೊದಲಿನ ಆರೋಪಗಳು ಇನ್ನೂ ಚೆನ್ನಾಗಿಯೇ ಇವೆಯಂತೆ.

ಹಳೆಯ ಕಡತ ಹುಡುಕಲು ನನಗೆ ಒಂದು ಸೋಮಾರಿ ದಾರಿ ಅಭ್ಯಾಸವಾಗಿತ್ತು. ಕೆಳಗಿನ ಸ್ಟಾರ್ಟ್ ಗುಂಡಿ ಒತ್ತಿದರೆ ಇತ್ತೀಚೆಗೆ ತೆರೆದ ಕಡತಗಳ ಪಟ್ಟಿ ಬರುತ್ತದೆ, ಹದಿನೈದು ಹೆಸರು. ಯಾವ ಕಪಾಟೂ ತೆಗೆಯಬೇಕಿಲ್ಲ. ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು. ಅಕಾರಾದಿ ಕ್ರಮದಲ್ಲಿ ಶ್ರೀರಂಗಯ್ಯ ಒಂದು, ಶ್ರೀರಂಗಯ್ಯ ಎರಡು. ಅದಕ್ಕೂ ಮೇಲೆ, ಪರಮಶಿವಯ್ಯ ಒಂದು.

ಇಂಗ್ಲಿಷ್ ಅಕ್ಷರದಲ್ಲಿತ್ತು, ಆದರೆ ತನ್ನ ಹೆಸರನ್ನು ಯಾವ ಅಕ್ಷರದಲ್ಲಿದ್ದರೂ ಓದಬಲ್ಲ ಮನುಷ್ಯ ಅವನು. ಆ ಪರಮಶಿವಯ್ಯ ಯಾರು ಎಂದು ಕೇಳಿದ. ಶೆಟ್ಟಿಕೆರೆ ಕಡೆಯವರು, ಮಗಳ ಮದುವೆ ಕಾರ್ಡು ಎಂದೆ. ಅಧಿಕ ಮಾಸದಲ್ಲಿ ಯಾವ ಮದುವೆ ಎಂದ. ಮುಂದಿನ ತಿಂಗಳಿಗೆ ಎಂದೆ. ಅವನು ತಲೆ ಆಡಿಸಿ, ಶ್ರೀರಂಗಯ್ಯ ಮೂರನ್ನು ಹೊಡೆಸಿ, ಎರಡು ಪ್ರತಿ ತೆಗೆದುಕೊಂಡು ಹೋದ. ವೆಂಕಟಯ್ಯನವರ ಮುರುಕಲು ಟೈಪ್‌ರೈಟರನ್ನು ಆಡಿಕೊಂಡಿದ್ದ ನಾನು, ಎಲ್ಲರ ಹೆಸರನ್ನೂ ಬರೆದು ಬೀದಿಗೆ ತೋರಿಸುವ ಮಿಷನ್ ಇಟ್ಟುಕೊಂಡು ಕೂತಿದ್ದೆ.

ಸಂಜೆಗೇ ಜುಲ್ಫಿಕರ್‌ಗೆ ಹೇಳಿ ಕಳಿಸಿದೆ. ಅವನು ನನ್ನ ಮೈದುನ, ಮೊದಲು ರೇಡಿಯೋ ರಿಪೇರಿ, ಈಗ ಕಂಪ್ಯೂಟರ್ ರಿಪೇರಿ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗಡೆ ಒತ್ತಿ, ಪ್ರಾಪರ್ಟೀಸ್, ಕಸ್ಟಮೈಸ್, ಅಡ್ವಾನ್ಸ್ಡ್ ಎಂದು ಒಳಗೊಳಗೆ ಹೋದ. ತಳದಲ್ಲಿ ಪಟ್ಟಿ ಅಳಿಸುವ ಗುಂಡಿ ಇತ್ತು. ಒತ್ತಿದ, ಹದಿನೈದು ಹೆಸರೂ ಹೋದವು. ನಾಳೆ ಮತ್ತೆ ತುಂಬಿಕೊಳ್ಳುತ್ತದೆ, ಚಟವನ್ನೇ ಬಿಡಿಸಬೇಕು ಎಂದು ಪಕ್ಕದ ಚೌಕದಲ್ಲಿದ್ದ ಸರಿ ಗುರುತನ್ನೂ ತೆಗೆದ. ಪಟ್ಟಿಯ ಸಾಲೇ ಮಾಯವಾಯಿತು. ಆಮೇಲೆ ವರ್ಡಿನ ಫೈಲ್ ಮೆನುವಿನ ಕೆಳಗೆ ಇನ್ನೂ ನಾಲ್ಕು ಹೆಸರು ಅವಿತುಕೊಂಡಿರುವುದನ್ನು ತೋರಿಸಿ ಅದನ್ನೂ ನಿಲ್ಲಿಸಿದ. ಕಡತಗಳು ಅವುಗಳ ಜಾಗದಲ್ಲೇ ಇದ್ದವು, ತೆರೆದ ನೆನಪು ಮಾತ್ರ ಕಂಪ್ಯೂಟರಿಗೆ ಇರಲಿಲ್ಲ. ಆ ದಿನ ನಾನು ನೆಮ್ಮದಿಯಾಗಿ ಊಟ ಮಾಡಿದೆ.

ಎರಡು ವಾರ ಕಳೆದು ಒಂದು ಬುಧವಾರ ಪರಮಶಿವಯ್ಯ ಮತ್ತೆ ಬಂದ. ಕೈಯಲ್ಲಿ ದ್ರಾಕ್ಷಾಯಣಮ್ಮನ ಮೂಗರ್ಜಿ. ನಾನೇ ಟೈಪು ಮಾಡಿದ್ದು, ನನ್ನದೇ ‘ದುರುಪಯೋಗಪಡಿಸಿಕೊಂಡಿರುತ್ತಾರೆ’. ಅರಸೀಕೆರೆಯಿಂದ ಹೊರಟು, ಮೇಲಿನ ಕಚೇರಿ ಮುಟ್ಟಿ, ಅಲ್ಲಿಂದ ಒಂದು ಪತ್ರದ ಜೊತೆ ನೇರ ಅವನ ಮನೆಗೇ ಬಂದಿತ್ತು. ‘ಸದರಿ ದೂರನ್ನು ತಮ್ಮ ಹಂತದಲ್ಲೇ ಪರಿಶೀಲಿಸಿ, ಸತ್ಯಾಂಶದ ಬಗ್ಗೆ ವರದಿ ನೀಡುವುದು’ ಎಂದು ಪರಮಶಿವಯ್ಯನ ಮೇಲಿನ ದೂರನ್ನು ಪರಮಶಿವಯ್ಯನಿಗೇ ಕಳಿಸಿದ್ದರು. ಅವನು ಪರಿಶೀಲಿಸಿ ಆಗಿತ್ತು. ಸತ್ಯಾಂಶ ಇರಲಿಲ್ಲ. ಅದನ್ನು ಟೈಪು ಮಾಡಿಸಬೇಕಿತ್ತು.

ಅದಕ್ಕೂ ಮೊದಲು ಅವತ್ತಿನ ಪಟ್ಟಿಯನ್ನು ಇನ್ನೊಮ್ಮೆ ತೋರಿಸು ಎಂದ. ಗುಂಡಿ ಒತ್ತಿದೆ. ಪಟ್ಟಿ ಇರಲಿಲ್ಲ. ಅವನು ಬಹಳ ಹೊತ್ತು ಆ ಖಾಲಿ ಜಾಗವನ್ನು ನೋಡಿ ನಕ್ಕ.

“ಮದ್ವೆ ಕಾರ್ಡನ್ನ ಯಾರಾದ್ರೂ ಬಚ್ಚಿಡ್ತಾರೇನಮ್ಮ?” ಎಂದ. “ಇಲ್ಲೇ ಟೈಪಾಗೈತೆ ಅನ್ನದು ಇವತ್ತು ಗ್ಯಾರಂಟಿ ಆಯ್ತು ಬುಡು.”

ಅನುಮಾನವಿದ್ದವನಿಗೆ ನಾನೇ ಸಾಕ್ಷಿ ಒದಗಿಸಿದ್ದೆ. ಅವನು ಲೆಕ್ಕ ಹಾಕತೊಡಗಿದ. ಮೂಟೆಯ ತಾರೀಖು ಗೊತ್ತಿರುವವರು ಶಾಲೆಯೊಳಗೆ ಮೂರೇ ಜನ. ಹೆಡ್ಮಾಸ್ಟರಿಗೆ ಧೈರ್ಯವಿಲ್ಲ, ಸಹಾಯಕಿ ಸಿದ್ದಕ್ಕ ಅವನ ಕಡೆಯವಳೇ. ಉಳಿದವಳು ನಿನ್ನ ಗಂಡನ ಹತ್ತಿರ ರವಿಕೆ ಹೊಲಿಸುತ್ತಾಳೆ, ಅಲ್ಲವೇ ಎಂದ. ಸೋಮವಾರದಿಂದ ಬೇರೆ ಅಡುಗೆಯವಳನ್ನು ನೇಮಿಸುವುದಾಗಿಯೂ, ಸತ್ಯಾಂಶ ಇಲ್ಲದ ವರದಿಯನ್ನು ಶನಿವಾರದೊಳಗೆ ಟೈಪು ಮಾಡಿಡಬೇಕೆಂದೂ ಹೇಳಿ ಎದ್ದ.

ಆ ಮೂರು ದಿನ ನನಗೆ ಅನ್ನ ಸೇರಲಿಲ್ಲ. ಮಾತು ಕೊಟ್ಟವಳು ನಾನು, ಪಟ್ಟಿ ತೋರಿಸಿದವಳು ನಾನು, ಅಳಿಸಿ ಸಿಕ್ಕಿಹಾಕಿಸಿದವಳೂ ನಾನು. ದ್ರಾಕ್ಷಾಯಣಮ್ಮ ಅಲ್ಲಿ ನೂರ ಅರವತ್ತೆರಡು ಮಕ್ಕಳಿಗೆ ಸಾರು ಕುದಿಸುತ್ತಿದ್ದರು, ಏನೂ ಗೊತ್ತಿಲ್ಲದೆ. ಶುಕ್ರವಾರ ಮಧ್ಯಾಹ್ನ ಗಂಡ ನಮಾಜಿಗೆ ಹೋದ ಹೊತ್ತಿನಲ್ಲಿ, ಖಾಲಿ ಪಟ್ಟಿ ಕೆಲಸ ಕೆಡಿಸಿದ್ದರೆ ತುಂಬಿದ ಪಟ್ಟಿ ಸರಿಪಡಿಸಬಹುದು ಎಂದು ಹೊಳೆಯಿತು. ಜುಲ್ಫಿಕರ್ ಹೋದ ದಾರಿಯಲ್ಲೇ ಒಳಗೆ ಹೋಗಿ ಆ ಸರಿ ಗುರುತನ್ನು ಮತ್ತೆ ಹಾಕಿದೆ. ಒಂದೊಂದೇ ಹೊಸ ಕಡತ ತೆರೆದು, ‘ಮಾನ್ಯರೇ’ ಎಂಬ ಒಂದು ಪದ ಟೈಪು ಮಾಡಿ, ಒಂದೊಂದೇ ಹೆಸರು ಕೊಟ್ಟು ಉಳಿಸಿದೆ. ಪರಮಶಿವಯ್ಯ ಎರಡರಿಂದ ಪರಮಶಿವಯ್ಯ ಹದಿನೈದರವರೆಗೆ. ಒಂದನೆಯದು ಆಗಲೇ ಇತ್ತು, ಅದನ್ನು ಸುಮ್ಮನೆ ತೆರೆದು ಮುಚ್ಚಿದೆ.

ಶನಿವಾರ ಅವನು ಬಂದು ಕೂತಾಗ ಅವನ ವರದಿ ತೆಗೆಯುವ ನೆಪದಲ್ಲಿ ಗುಂಡಿ ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು, ಮೇಲಿನಿಂದ ಕೆಳಗೆ ಅವನೊಬ್ಬನೇ. ಅವನ ಬೆರಳು ಗಾಜಿನ ಮೇಲೆ ಒಂದೊಂದೇ ಸಾಲನ್ನು ಮುಟ್ಟುತ್ತ ಇಳಿಯಿತು. ಕೆಳಗೆ ಮುಟ್ಟುವಷ್ಟರಲ್ಲಿ ಹಣೆ ಒದ್ದೆಯಾಗಿತ್ತು. ಮೊನ್ನೆ ಮಿಷನ್ ಕೆಟ್ಟಿತ್ತು, ಈಗ ರಿಪೇರಿಯಾಯಿತು ಎಂದೆ. ಯಾವುದಾದರೂ ಒಂದನ್ನು ತೆಗೆ, ಯಾರು ಬರೆಸಿದ್ದೆಂದು ಮಾತಿನಲ್ಲೇ ಗೊತ್ತಾಗುತ್ತದೆ ಎಂದ.

“ತೆಗಿತೀನಿ ಸ್ವಾಮಿ, ನನಗೇನು ಕಷ್ಟ,” ಎಂದೆ. “ನಾಳೆ ಶ್ರೀರಂಗಯ್ಯನವರು ಬಂದು ಅವರ ಮೂರನ್ನೂ ತೆಗಿ ಅಂದ್ರೆ ಅದನ್ನೂ ತೆಗಿಬೇಕಾಯ್ತದೆ, ಅಷ್ಟೇ.”

ಅವನು ಬೆರಳು ಹಿಂದಕ್ಕೆ ತೆಗೆದುಕೊಂಡ. ಶ್ರೀರಂಗಯ್ಯನ ಹೆಸರು ಪಟ್ಟಿಯಲ್ಲಿ ಕಾಣುತ್ತಿಲ್ಲವಲ್ಲ ಎಂದ. ಹದಿನೈದಕ್ಕಷ್ಟೇ ಜಾಗ, ತಮ್ಮದು ತುಂಬಿ ಅವರದ್ದು ಆಚೆ ಹೋಯಿತು ಎಂದೆ. ದೇವರಾಣೆ, ಆ ಬೆವರಿದ ಮುಖದ ಮೇಲೂ ಒಂದು ಗೆಲುವು ಹಾದುಹೋಯಿತು. ಹದಿನೈದು ಮೂಗರ್ಜಿ ಬೀಳುವಷ್ಟು ದೊಡ್ಡ ಮನುಷ್ಯ ಆ ಹೋಬಳಿಯಲ್ಲಿ ಇನ್ನೊಬ್ಬನಿರಲಿಲ್ಲ. ಒಬ್ಬ ಅಡುಗೆಯವಳನ್ನು ತೆಗೆದರೆ ಉಳಿದ ಹದಿನಾಲ್ಕು ಜನ ಏನು ಮಾಡುತ್ತಾರೋ ಎಂದು ಅವನೇ ಗೊಣಗಿಕೊಂಡು, ವರದಿಯನ್ನೂ ಮರೆತು ಹೋದ. ಸೋಮವಾರ ದ್ರಾಕ್ಷಾಯಣಮ್ಮನೇ ಅಡುಗೆ ಮಾಡಿದರೆಂದು ಬಿಳಿಗೆರೆ ಬಸ್ಸಿನಲ್ಲಿ ಬಂದವರು ಹೇಳಿದರು. ನನಗಾದ ಖುಷಿಗೆ ಗಂಡನಿಗೆ ಶಾವಿಗೆ ಪಾಯಸ ಮಾಡಿ ಹಾಕಿದೆ. ಏತಕ್ಕೆಂದು ಅವರು ಕೇಳಲಿಲ್ಲ, ಅಳತೆ ಬಿಟ್ಟು ಬೇರೇನೂ ಕೇಳದ ಟೈಲರ್ ಜಾತಿ.

ತಿಂಗಳ ಮೇಲೆ ದ್ರಾಕ್ಷಾಯಣಮ್ಮ ಬಂದರು. ಕಂಕುಳಲ್ಲಿ ಒಂದು ಗೋಣಿಚೀಲ. ಅದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟು ಸ್ಟೂಲಿನ ಮೇಲೆ ಕೂತರು. ಕೆಲಸ ಉಳಿಯಿತಲ್ಲ ಎಂದು ನಾನು ನಗುತ್ತ ಕೇಳಿದೆ. ಅವರು ನಗಲಿಲ್ಲ.

ಪರಮಶಿವಯ್ಯನ ಮೇಲೆ ಊರಿನ ಹದಿನೈದು ಜನ ಅರ್ಜಿ ಬರೆದಿದ್ದಾರಂತೆ. ಯಾರ್ಯಾರೆಂದು ಅವನಿಗೂ ಗೊತ್ತಿಲ್ಲವಂತೆ. ಅದಕ್ಕೆ ತನಗೆ ಅನುಮಾನವಿದ್ದ ಹದಿನೈದು ಮನೆಗಳನ್ನು ಆರಿಸಿ, ಮನೆಮನೆಗೂ ಹೋಗಿ, ಹಿಂದಿನದ್ದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡಿ ಎಂದು ಕೈಮುಗಿದು ಹತ್ತತ್ತು ಕೆಜಿ ಅಕ್ಕಿ ಕೊಟ್ಟು ಬಂದಿದ್ದ. ತಿಂಗಳು ತಿಂಗಳೂ ಕೊಡುವುದಾಗಿ ಹೇಳಿದ್ದ. ತನ್ನ ಎರಡು ಮೂಟೆಯನ್ನೇನೂ ಅವನು ಬಿಟ್ಟಿರಲಿಲ್ಲ. ಮನೆಮನೆಯ ಅಕ್ಕಿ ಅದರ ಮೇಲಿನ ಖರ್ಚು, ಅದೂ ಶಾಲೆಯ ಉಗ್ರಾಣದಿಂದಲೇ. ಈಗ ಊರಲ್ಲಿ ಯಾರಿಗೂ ದೂರಿಲ್ಲ. ಶ್ರೀರಂಗಯ್ಯನೂ ತನ್ನ ಹತ್ತು ಕೆಜಿ ಇಸಿದುಕೊಂಡು ಸುಮ್ಮನಾಗಿದ್ದ.

“ಮೊದ್ಲು ಅರ್ಧ ಹೊಟ್ಟೆಗಾದ್ರೂ ಇಕ್ಕುತಿದ್ದೆ ಕಣವ್ವ,” ಎಂದರು ದ್ರಾಕ್ಷಾಯಣಮ್ಮ. “ಈಗ ಎರಡು ಮಕ್ಳಿಗೆ ಒಂದು ತಟ್ಟೆ. ಇದು ನನ್ ಪಾಲು.” ಚೀಲವನ್ನು ತಟ್ಟಿದರು.

ಆ ಹದಿನೈದರಲ್ಲಿ ನಿಮ್ಮದೊಂದೇ ನಿಜ, ಉಳಿದ ಹದಿನಾಲ್ಕೂ ನಾನೇ ಹುಟ್ಟಿಸಿದ್ದು ಎಂದು ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ನಿನಗೆ ತೋಚಿದ್ದು ಅಷ್ಟು, ನನಗೋಸ್ಕರ ಮಾಡಿದೆ ಎಂದು ಕಣ್ಣೊರೆಸಿಕೊಂಡು, ಇನ್ನೊಂದು ಅರ್ಜಿ ಬರಿ ಎಂದರು. ಈ ಸಲ ಅರಸೀಕೆರೆಗೆ ಹೋಗಿ ಡಬ್ಬಿಗೆ ಹಾಕುವುದಿಲ್ಲ, ತುಮಕೂರಿಗೆ ತಾನೇ ತೆಗೆದುಕೊಂಡು ಹೋಗಿ ದೊಡ್ಡ ಸಾಹೇಬರ ಕೈಗೇ ಕೊಡುತ್ತೇನೆ ಎಂದರು. ಕೊನೆಯಲ್ಲಿ ನಾನು ಅಭ್ಯಾಸದಂತೆ ‘ನೊಂದ ಗ್ರಾಮಸ್ಥರು’ ಎಂದು ಟೈಪು ಮಾಡುತ್ತಿದ್ದಾಗ ಕೈ ಹಿಡಿದರು.

“ಅದನ್ನ ಅಳ್ಸವ್ವ. ನನ್ ಹೆಸ್ರು ಹಾಕು.”

ಸೌಟು ಹೋಗುತ್ತದೆ ಎಂದೆ. ಖಾಲಿ ಪಾತ್ರೆಗೆ ಸೌಟು ಯಾಕೆ ಎಂದರು. ನಾನು ಅಳಿಸಿದೆ. ದ್ರಾಕ್ಷಾಯಣಮ್ಮ, ಮುಖ್ಯ ಅಡುಗೆಯವರು, ಗಂಡನ ಹೆಸರು, ಊರು, ಹೋಬಳಿ, ಎಲ್ಲವನ್ನೂ ಪೂರ್ತಿಯಾಗಿ ಟೈಪು ಮಾಡಿದೆ. ಅವರು ಆ ಚೀಲವನ್ನೂ ಜೊತೆಗೆ ಕೊಡಬಹುದಾ, ಕಾನೂನಿನಲ್ಲಿ ಅದಕ್ಕೆ ಜಾಗವಿದೆಯಾ ಎಂದು ಕೇಳಿದರು. ಇದೆ ಎಂದು, ಸಹಿಯ ಕೆಳಗೆ ಎಡಗಡೆ ಇನ್ನೊಂದು ಸಾಲು ಸೇರಿಸಿದೆ.

ಲಗತ್ತು: ಅಕ್ಕಿ, ಹತ್ತು ಕೆಜಿ.